ಕಲ್ನಾರಿನ ಕ್ಯಾನ್ಸರಿಗೆ ಮದ್ದು ಹುಡುಕಿದ ಕಥೆ

ಮುಂಬಯಿಯ ಚಾಳುಗಳಲ್ಲಿ, ಕಾರ್ಖಾನೆಗಳಲ್ಲಿ ಬಾಳು ಸವೆಸಿದ ನಮ್ಮವರಿಗೆ ಆಸ್ಬೆಸ್ಟಾಸ್ ಹೊಸ ವಸ್ತುವಲ್ಲ. ಕನ್ನಡದಲ್ಲಿ ಅದಕ್ಕೆ ಕಲ್ನಾರು ಎಂಬ ಅಚ್ಚುಕಟ್ಟಾದ ಹೆಸರೇ ಇದೆ. ಬೆಂಕಿಗೆ ಜಗ್ಗದ ಈ ನಾರು ಚಾವಣಿಯ ಶೀಟಿಗೂ ಬಾಯ್ಲರಿನ ಹೊದಿಕೆಗೂ ಮೋಟಾರಿನ ಬ್ರೇಕಿಗೂ ಒದಗಿತು. ಆದರೆ ಉಸಿರಿನೊಡನೆ ಒಳಹೊಕ್ಕ ಅದರ ಧೂಳು 20, 30, 40 ವರ್ಷ ತೆಪ್ಪಗಿದ್ದು, ಆಮೇಲೆ ಶ್ವಾಸಕೋಶದ ಕ್ಯಾನ್ಸರನ್ನೋ, ಶ್ವಾಸಕೋಶವನ್ನು ಸುತ್ತಿದ ಪೊರೆಯ ಕ್ಯಾನ್ಸರನ್ನೋ ಹುಟ್ಟಿಸಬಲ್ಲದು. ಪೊರೆಯ ಈ ರೋಗವನ್ನು ವೈದ್ಯರು ಮೀಸೋಥೆಲಿಯೋಮ ಎನ್ನುತ್ತಾರೆ.

1960ರಲ್ಲಿ ದಕ್ಷಿಣ ಆಫ್ರಿಕದ ಡಾ. ವ್ಯಾಗ್ನರ್ ಮತ್ತು ಅವರ ಸಂಗಡಿಗರು ಇಂಥ 33 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಹಲವರು ಗಣಿಯಲ್ಲಿ ದುಡಿದವರೇ ಅಲ್ಲ. ಕಲ್ನಾರಿನ ಗಣಿಗಳ ಆಸುಪಾಸಿನಲ್ಲಿ ಬಾಲ್ಯ ಕಳೆದವರು. 1965ರಲ್ಲಿ ಲಂಡನ್ನಿನ ಅಧ್ಯಯನವೊಂದು ಕಾರ್ಮಿಕರ ಮನೆಯವರಿಗೂ ಈ ರೋಗ ಬಂದುದನ್ನು ತೋರಿಸಿತು. ಬಟ್ಟೆಗೆ ಅಂಟಿದ ಧೂಳು ಮನೆಯೊಳಗೂ ಬಂದಿತ್ತು.

ರೋಗದ ಮೂಲ ತಿಳಿಯಿತು. ಮದ್ದು ಮಾತ್ರ ಸುಲಭವಾಗಿ ಸಿಗಲಿಲ್ಲ. ಮೊದಲು ಭರವಸೆ ಇಟ್ಟದ್ದು ಶಸ್ತ್ರಚಿಕಿತ್ಸೆಯ ಮೇಲೆ. ಒಂದು ಬದಿಯ ಶ್ವಾಸಕೋಶವನ್ನೇ ಪೊರೆಸಮೇತ ತೆಗೆದುಹಾಕುವ ಭಾರಿ ಶಸ್ತ್ರಕ್ರಿಯೆ ಅದು. 1976ರಲ್ಲಿ ಬ್ರಿಟನ್ನಿನ ಬುಚಾರ್ಟ್ ಹೀಗೆ ಚಿಕಿತ್ಸೆ ಪಡೆದ 29 ಮಂದಿಯ ವರದಿ ಬರೆದರು. ಹೆಚ್ಚುಕಡಿಮೆ ಮೂರರಲ್ಲೊಬ್ಬರು ಶಸ್ತ್ರಕ್ರಿಯೆಯಿಂದಲೇ ತೀರಿಕೊಂಡಿದ್ದರು. 2011ರ ಬ್ರಿಟಿಷ್ ಪ್ರಯೋಗದಲ್ಲಿ ಈ ವಿಧಾನದಿಂದ ಪ್ರಯೋಜನ ಕಾಣಲಿಲ್ಲ. ಶ್ವಾಸಕೋಶ ಉಳಿಸಿ ಪೊರೆಯನ್ನು ಮಾತ್ರ ತೆಗೆಯುವ ಕ್ರಮವೂ 2024ರ ಇನ್ನೊಂದು ಪ್ರಯೋಗದಲ್ಲಿ ಸೋತಿತು.

ಗೆಲುವು ಬಂದದ್ದು ಔಷಧಗಳಿಂದ, ಅದೂ ತಿಂಗಳುಗಳ ಲೆಕ್ಕದಲ್ಲಿ. 2003ರ ದೊಡ್ಡ ಪ್ರಯೋಗವೊಂದರಲ್ಲಿ ಸಿಸ್‌ಪ್ಲಾಟಿನ್ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಮಂದಿ 9.3 ತಿಂಗಳು ದಾಟಿದರು. ಜೊತೆಗೆ ಪೆಮೆಟ್ರೆಕ್ಸೆಡ್ ಕೊಟ್ಟಾಗ ಈ ಗಡಿ 12.1 ತಿಂಗಳಿಗೆ ಸರಿಯಿತು. ಔಷಧದ ವಿಷವನ್ನು ತಗ್ಗಿಸಿದ್ದು ಫೋಲಿಕ್ ಆಮ್ಲ, ಬಿ-12 ಎಂಬ ಸಾಮಾನ್ಯ ಜೀವಸತ್ತ್ವಗಳು! ದೇಹದ ರಕ್ಷಣಾಶಕ್ತಿಯನ್ನೇ ಎಬ್ಬಿಸುವ ನಿವೊಲುಮಾಬ್, ಇಪಿಲಿಮುಮಾಬ್ ಜೋಡಿಯಿಂದ ಅದು 18.1 ತಿಂಗಳಾಯಿತೆಂದು 2021ರ ವರದಿ ಹೇಳಿತು. ಎದೆಯಲ್ಲಿ ತುಂಬಿದ ನೀರು ತೆಗೆಯುವುದು, ನೋವು ಇಳಿಸುವುದು, ಇವೂ ಚಿಕಿತ್ಸೆಯೇ.

ಆದರೆ ಈ ಅಂಕಿಗಳು ಯಾರೊಬ್ಬರ ಹಣೆಬರಹವೂ ಅಲ್ಲ. ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಪೊರೆಯಲ್ಲಿ ಇದೇ ರೋಗ ಕಂಡಿತು. ಅವರು ಮತ್ತೆ 20 ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು.

ನಮ್ಮ ದೇಶದ ಒಂದು ಮಾತು ಉಳಿದಿದೆ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು, ಕಲ್ನಾರಿನ ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ, ಕಾಪಾಡಬೇಕೆಂದು ಮಾಲೀಕರಿಗೆ ವಿಧಿಸಿತು. ನಮ್ಮವರೋ ದುಡಿದದ್ದು ಇಲ್ಲಿ, ನಿವೃತ್ತರಾಗಿ ನೆಲೆಸುವುದು ಊರಿನಲ್ಲಿ. ಅಲ್ಲಿನ ಡಾಕ್ಟರಿಗೆ ಹಳೆಯ ಕಾರ್ಖಾನೆಯ ಸುದ್ದಿ ಹೇಗೆ ತಿಳಿಯಬೇಕು? ಬಿಡದ ಕೆಮ್ಮು, ಏದುಸಿರು, ಎದೆನೋವು ಕಂಡರೆ ಯಾವ ಕೆಲಸ ಮಾಡಿದ್ದೆವೆಂದು ನಾವೇ ಬಾಯಿಬಿಟ್ಟು ಹೇಳಬೇಕು. ಹಳೆಯ ಕೆಲಸದ ಕಾಗದಪತ್ರಗಳನ್ನು ರದ್ದಿಗೆ ಹಾಕದಿರೋಣ.