ರಾಯಚೂರು ಕೋಟೆಯೊಳಗಿನ ಹಳೇ ಊರು

ದೇವದುರ್ಗ, ಮಾನ್ವಿ ಕಡೆಯ ನಮಗೆ ರಾಯಚೂರು ಎಂದರೆ ಕಚೇರಿ, ಕೋರ್ಟು, ಆಸ್ಪತ್ರೆ, ಹತ್ತಿ-ಭತ್ತದ ಮಾರುಕಟ್ಟೆ. ಬಸ್ಸಿಳಿದು ಕೆಲಸ ಮುಗಿಸಿ ಸಂಜೆಗೆ ಊರು ಸೇರುತ್ತೇವೆ. ಊರ ನಡುವೆಯೇ ಇರುವ ಬೆಟ್ಟವನ್ನೂ ಕೋಟೆಯನ್ನೂ ನಿಂತು ನೋಡುವವರು ಕಡಿಮೆ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಆ ಹಳೇ ಊರನ್ನು ಹಲವು ಸಲ ಕಾಲ್ನಡಿಗೆಯಲ್ಲಿ ಸುತ್ತಿದ್ದೇನೆ. ಅಲ್ಲಿ ಕಂಡದ್ದನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕೋಟೆಗೆ ಎರಡು ಸುತ್ತು. ಒಳಸುತ್ತಿನ ಗೋಡೆಯನ್ನು ಗಾರೆಯಿಲ್ಲದೆ ಭಾರಿ ಕಲ್ಲುಗಳನ್ನು ಒಂದಕ್ಕೊಂದು ಹೊಂದಿಸಿ ಕಟ್ಟಲಾಗಿದೆ. ಪಡುವಣ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕ್ರಿ.ಶ. 1294ರ ಶಾಸನವಿದೆ. ಕಾಕತೀಯ ಪ್ರತಾಪರುದ್ರನ ಕಾಲದಲ್ಲಿ ಗೋನ ಗನ್ನಯ ರೆಡ್ಡಿಯ ಅಧಿಕಾರಿ ವಿಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವ ಕೋಟೆಗಳನ್ನು ಗೆದ್ದು, ರಾಯಚೂರಿಗೆ ಬಂದು, ಜನರ ರಕ್ಷಣೆಗಾಗಿ ಈ ಕೋಟೆ ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಅದರಲ್ಲಿ ಬರುವ ಮಾನುವವೇ ನಮ್ಮ ಮಾನ್ವಿ. ಎಂದರೆ, ಏಳುನೂರು ವರ್ಷಗಳ ಹಿಂದೆಯೇ ಅದು ಗೆದ್ದು ಹೇಳಿಕೊಳ್ಳುವಂಥ ಊರಾಗಿತ್ತು.

ಈ ಕಲ್ಲನ್ನು ಇಲ್ಲಿಗೆ ತಂದ ಬಗೆಯನ್ನೂ ಗೋಡೆಯ ಮೇಲೆ ಗೀರಿ ತೋರಿಸಿದ್ದಾರೆ. ಬಂಡಿಯ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದ ಸಾಲು, ಅವನ್ನು ಹೊಡೆಯುವ ಆಳುಗಳು. ರಾಜರ ಹೆಸರು ಶಾಸನಗಳಲ್ಲಿ ಬೇಕಾದಷ್ಟು ಸಿಗುತ್ತವೆ. ದುಡಿದವರ ಚಿತ್ರ ಸಿಗುವುದು ಅಪರೂಪ.

ಹೊರಸುತ್ತು ಸುಲ್ತಾನರ ಕಾಲದ ಕೆಲಸ. ಪಡುವಣಕ್ಕೆ ಮಕ್ಕಾ ದರವಾಜಾ, ಬಡಗಣಕ್ಕೆ ನವರಂಗಿ ದರವಾಜಾ, ಮೂಡಣಕ್ಕೆ ಕಾಟಿ ದರವಾಜಾ. ಕೋಟೆಯೊಳಗಿನ ಏಕ್ ಮಿನಾರ್ ಮಸೀದಿ 1513ರದು, ಬಹಮನಿ ಸುಲ್ತಾನ ಮಹಮೂದ್ ಶಹನ ಕಾಲದ್ದು. ಅದಕ್ಕೆ ಒಂದೇ ಮಿನಾರು. ಬೆಟ್ಟದ ತುದಿಯ ಬಾಲಾಹಿಸಾರಕ್ಕೆ ಹತ್ತಿದರೆ ಊರೆಲ್ಲ ಕಣ್ಣಳತೆಗೆ ಬರುತ್ತದೆ.

ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಎರೆಭೂಮಿಗಾಗಿ ವಿಜಯನಗರಕ್ಕೂ ಸುಲ್ತಾನರಿಗೂ ಎಷ್ಟೋ ಯುದ್ಧಗಳಾದವು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಹನನ್ನು ಸೋಲಿಸಿ ಈ ಕೋಟೆಯನ್ನು ಪಡೆದ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಇದನ್ನು ವಿವರವಾಗಿ ಬರೆದಿದ್ದಾನೆ. ಸೈನಿಕರು ಗೋಡೆಯ ಕಲ್ಲು ಕೀಳಲು ಹೋದಾಗ ಮೇಲಿನಿಂದ ಏಟು ಬೀಳುತ್ತಿತ್ತು. ಆಗ ಕ್ರಿಸ್ಟೋವಾ ದ ಫಿಗರೇದೋ ಎಂಬ ಪೋರ್ಚುಗೀಸನು ತನ್ನ ಬಂದೂಕಿನವರೊಂದಿಗೆ ಗೋಡೆಯ ಮೇಲಿದ್ದವರತ್ತ ಗುಂಡು ಹಾರಿಸಿದ. ಅವರು ತಲೆ ಎತ್ತದಂತಾಗಲು, ಕೆಳಗಿನವರು ಕಲ್ಲು ಕಿತ್ತರು. ದಕ್ಷಿಣ ಭಾರತದ ಯುದ್ಧಗಳಲ್ಲಿ ಬಂದೂಕಿನ ಮಹತ್ವ ಬೆಳೆಯುತ್ತಿದ್ದುದಕ್ಕೆ ಇದೊಂದು ಸಾಕ್ಷಿ.

ಮುಂದೆ ಮೊಗಲರು, ನಿಜಾಮರು ಬಂದರು. 1853ರಿಂದ 1860ರವರೆಗೆ ಇಂಗ್ಲಿಷರ ಆಡಳಿತವೂ ನಡೆಯಿತು. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಹಳಿಗಳು ಇಲ್ಲಿ ಕೂಡಿದವು. 1948ರಲ್ಲಿ ಹೈದರಾಬಾದ್ ವಿಮೋಚನೆ, 1956ರಲ್ಲಿ ಕನ್ನಡ ನಾಡಿನೊಂದಿಗೆ ಸೇರ್ಪಡೆ.

ಯುರೋಪಿನ ಪ್ರಾಗ್ ನಗರದ ಹಳೇ ಊರು 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ನೋಡಲು ದೇಶ ದೇಶದವರು ಹೋಗುತ್ತಾರೆ. ಅಲ್ಲಿಯಂತೆ ನಮ್ಮ ಕೋಟೆಯೊಳಗೂ ಜನ ವಾಸವಾಗಿದ್ದಾರೆ. ಅವರನ್ನು ಬಿಟ್ಟು ಕೋಟೆ ಉಳಿಯದು. ಆದರೆ ಹಳೇ ಕಲ್ಲಿನ ಮೇಲೆ ಹೆಸರು ಕೆತ್ತುವುದು, ಗೋಡೆಗೆ ಕಸ ಸುರಿಯುವುದು, ಕಲ್ಲು ಕಿತ್ತು ಒಯ್ಯುವುದು ನಿಲ್ಲಬೇಕು. 1520ರ ಯುದ್ಧದ ಇಸವಿಯನ್ನು ಬಾಯಿಪಾಠ ಮಾಡಿದ ಮಗುವಿಗೆ ಆ ಗೋಡೆ ಮುಟ್ಟಿ ನೋಡುವ ಅವಕಾಶವೂ ಸಿಗಬೇಕು.

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಎಂಟನೇ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಈ ಕೋಟೆಗೆ ಕರೆದೊಯ್ಯಿರಿ. ಬಸ್ಸಿನ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹಂಚಿಕೊಳ್ಳೋಣ. ಕೋಣಗಳು ಎಳೆದ ಆ ಬಂಡಿಯ ಚಿತ್ರವನ್ನು ಮಕ್ಕಳು ತಮ್ಮ ಕೈಯಾರೆ ಬರೆದುಕೊಂಡು ಬರಲಿ.