ಬಾಯಲ್ಲೇ ಉಳಿದ ಇತಿಹಾಸ | ಭಾಗ 4

ವೋಚರ್ ಇಲ್ಲದೆ ಎಂಟ್ರಿ ಇಲ್ಲ, ನಮ್ಮ ಬಿಕಾಂ ಕ್ಲಾಸಲ್ಲಿ ಇದೇ ಪಾಠ. ಹಾಗಾದ್ರೆ ಬರೆದಿಡದ ಇತಿಹಾಸ ಲೆಕ್ಕಕ್ಕೇ ಇಲ್ವಾ?

ನೈಜೀರಿಯಾದ ಯೊರುಬಾ ಜನರ ‘ಒರಿಕಿ’ ನೋಡಿ. ಬಾಯಿಂದ ಬಾಯಿಗೆ ಬಂದ ಹೊಗಳಿಕೆಯ ಕಾವ್ಯ. ವ್ಯಕ್ತಿಗೆ, ಮನೆತನಕ್ಕೆ, ಊರಿಗೆ, ದೇವರಿಗೆ ಎಲ್ಲಕ್ಕೂ ಒರಿಕಿ ಉಂಟು. ಬರೀ ಹೊಗಳಿಕೆ ಅಂದ್ಕೋಬೇಡಿ. ಹಿರಿಯರ ಜಗಳ, ಮುಜುಗರ ಕೂಡ ಅದರಲ್ಲಿ ಉಳಿದಿವೆ.

ಒಕುಕು ಊರಿನ ಒರಿಕಿ ಬಗ್ಗೆ ಕರಿನ್ ಬಾರ್ಬರ್ ಅವರ ಪುಸ್ತಕ 1991ರಲ್ಲಿ ಬಂತು. ಅಲ್ಲಿ ಇದನ್ನ ಹೆಚ್ಚಾಗಿ ಹೇಳೋರು ಹೆಂಗಸರು. ಸೊಸೆಯರು ತವರಿನ ಒರಿಕಿ ಜೊತೆ ಗಂಡನ ಮನೆತನದ್ದನ್ನೂ ಕಲೀತಾರೆ. ಅಂದ್ರೆ, ಮನೆಯ ಚರಿತ್ರೆ ಕಾಯೋದ್ರಲ್ಲಿ ಹೊರಗಿಂದ ಬಂದವರ ಪಾಲೂ ಇದೆ!

ಇವತ್ತು ಅಜ್ಜಿ ಹತ್ರ ಹತ್ತು ನಿಮಿಷ ಕೂತು ಮನೆತನದ ಒಂದು ಕತೆ ಕೇಳಿ. ನಮ್ಮ ವೋಚರ್ ಅವರೇ.