ಅರಿಷಿಣದ ತಕರಾರು

ಕೈಗೆ ಕುಡಗೋಲು ತಾಗಿ ರಕ್ತ ಬಂದರೆ ನಮ್ಮ ಮನೆಗಳಲ್ಲಿ ಮೊದಲು ತೆಗೆಯುವುದು ಅರಿಷಿಣದ ಡಬ್ಬಿ. ಹೊಲದಾಗಿದ್ದರೆ ಬದುವಿನ ಮೇಲಿನ ಕಂಬರಮೋಡಿ ಎಲೆ ತಿಕ್ಕಿ ರಸ ಹಿಂಡುತ್ತೇವೆ. ಸುಟ್ಟ ಜಾಗಕ್ಕೆ ಲೋಳಸರ, ಹುಣ್ಣು ತೊಳೆಯಲು ಬೇವಿನ ಎಲೆ ಕುದಿಸಿದ ನೀರು. ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಈ ಮದ್ದಿಗೆ ಭಾಷೆಯ ಭೇದವಿಲ್ಲ. ನಾವು ಅರಿಷಿಣ ಅಂದದ್ದನ್ನು ನೆರೆಮನೆಯವರು ಹಳದ ಅಂತಾರ, ಲೋಳಸರಕ್ಕೆ ಕೋರಫಡ ಅಂತಾರ. 1956ರಲ್ಲಿ ಹೈದರಾಬಾದ ರಾಜ್ಯ ಒಡೆದು ಬೀದರ, ಕಲಬುರಗಿ ಮೈಸೂರಿಗೆ ಹೋದವು. ಉಸ್ಮಾನಾಬಾದ ಮುಂಬಯಿಗೆ ಸೇರಿತು. ಗಿಡಗಳು ಮಾತ್ರ ಎರಡೂ ಕಡೆ ಇದ್ದಲ್ಲೇ ಇದ್ದವು.

ಈ ವಿದ್ಯೆ ಹಳೆಯದು. ಸುಶ್ರುತ ಸಂಹಿತೆಯು ಗಾಯದ ಆರೈಕೆಗೆ 60 ಬಗೆಯ ಉಪಚಾರ ಹೇಳುತ್ತದೆ. ನಮಗೆ ಹತ್ತಿರದ ಕಲ್ಯಾಣದಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಆ ಮನೆತನದ ಕೀರ್ತಿವರ್ಮ ದನಗಳ ರೋಗ ಮತ್ತು ಮದ್ದಿನ ಬಗ್ಗೆ ‘ಗೋವೈದ್ಯ’ ಎಂಬ ಗ್ರಂಥವನ್ನು ಕನ್ನಡದಲ್ಲೇ ಬರೆದ. ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ವೃತ್ತಿಯಿಂದ ವೈದ್ಯ, ವಚನಗಳನ್ನೂ ಬರೆದವನು.

ಇಷ್ಟು ಹಳೆಯ ಮದ್ದಿನ ಮೇಲೆ ಯಾರು ಹಕ್ಕು ಹೇಳ್ಯಾರು ಅಂತ ಅನಿಸಬಹುದು. ಹೇಳಿದರು. ಗಾಯ ಮಾಯಿಸಲು ಅರಿಷಿಣ ಬಳಸುವ ವಿಧಾನಕ್ಕೆ 1995ರ ಮಾರ್ಚಿನಲ್ಲಿ ಅಮೆರಿಕದ ಸರಕಾರ ಪೇಟೆಂಟ್ ಕೊಟ್ಟಿತು. ಪಡೆದದ್ದು ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ. ಸಂಶೋಧಕರಿಬ್ಬರೂ ಭಾರತೀಯ ಮೂಲದವರು. ಅಂದರೆ ಆ ದೇಶದಲ್ಲಿ ಅರಿಷಿಣವನ್ನು ಗಾಯದ ಔಷಧವೆಂದು ಮಾರಲು ಅವರ ಅಪ್ಪಣೆ ಬೇಕು.

1996ರಲ್ಲಿ ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ತಕರಾರು ಹಾಕಿತು. ಆಗ ಅದರ ಮುಖ್ಯಸ್ಥರು ಡಾ. ರಘುನಾಥ ಮಾಶೇಲಕರ. ‘ನಮ್ಮ ಅಜ್ಜಿ ಹಚ್ಚುತ್ತಿದ್ದಳು’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ಬರೆದದ್ದು ಬೇಕು. ಪರಿಷತ್ತು ಸಂಸ್ಕೃತ, ಉರ್ದು, ಹಿಂದಿಯ ಹಳೆಯ ಪುಸ್ತಕಗಳು, 1953ರ ಒಂದು ವೈದ್ಯಕೀಯ ಲೇಖನ, ಹೀಗೆ 32 ಆಧಾರಗಳನ್ನು ಕೂಡಿಸಿ ಕೊಟ್ಟಿತು. 1997ರ ಆಗಸ್ಟಿನಲ್ಲಿ ಪೇಟೆಂಟಿನ ಹಕ್ಕುಗಳು ತಿರಸ್ಕೃತವಾದವು. 2001ರಿಂದ ಸರಕಾರ ಹಳೆಯ ವೈದ್ಯಗ್ರಂಥಗಳ ಮದ್ದುಗಳನ್ನು ಪರದೇಶದ ಭಾಷೆಗಳಿಗೆ ತಿರುಗಿಸಿ ಒಂದು ಜ್ಞಾನಭಂಡಾರ ಕಟ್ಟತೊಡಗಿತು.

ಅರಿಷಿಣಕ್ಕೆ ಗ್ರಂಥಗಳಿದ್ದವು, ಉಳಿಯಿತು. ಕಂಬರಮೋಡಿಗೆ ಏನಿದೆ? ಆ ಗಿಡದ ಮೂಲ ಅಮೆರಿಕ ಖಂಡ; ಹಡಗಿನ ಕಾಲದಲ್ಲಿ ಈ ಕಡೆ ಬಂದದ್ದು. ಸುಶ್ರುತನ ಗ್ರಂಥದಲ್ಲಿ ಅದು ಇರುವುದು ಸಾಧ್ಯವೇ ಇಲ್ಲ. ಹಾಗಾದರೆ ಅದರ ರಸ ರಕ್ತ ನಿಲ್ಲಿಸುತ್ತದೆ ಅಂತ ಕಂಡುಕೊಂಡವರು ಯಾರು? ಹೊಲದಲ್ಲಿ ದುಡಿಯುವವರು, ದನ ಕಾಯುವವರು. ಪ್ರಯೋಗಶಾಲೆಗಳಲ್ಲಿ ಇಲಿಗಳ ಮೇಲೆ ಅದರ ಪರೀಕ್ಷೆ ನಡೆದದ್ದು ಎಷ್ಟೋ ಆಮೇಲೆ. ನಮ್ಮವರ ವಿದ್ಯೆ ಗ್ರಂಥದಿಂದ ಇಳಿದು ಬಂದದ್ದಷ್ಟೇ ಅಲ್ಲ, ಬದುವಿನ ಮೇಲೆ ಹುಟ್ಟಿದ್ದೂ ಇದೆ. ಆದರೆ ಅದು ಬಾಯಲ್ಲೇ ಉಳಿದಿದೆ.

ಹಳೆಯದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಗಾಯಕ್ಕೆ ಸಗಣಿ, ಮಣ್ಣು ಹಚ್ಚುವ ರೂಢಿಯಿಂದ ಧನುರ್ವಾತ ಆಗುತ್ತದೆ; ಅದರ ರೋಗಾಣು ಇರುವುದೇ ಅಲ್ಲಿ. ಗಾಯ ಆಳವಾಗಿದ್ದರೆ, ತುಕ್ಕಿನ ಮೊಳೆ ಚುಚ್ಚಿದರೆ ತೊಳೆದುಕೊಂಡು ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ನೆಲಸಮವಾದಾಗ ಕಲ್ಲಿನ ಗೋಡೆಯಡಿ ಸಿಕ್ಕವರಿಗೆ ಬೇಕಾದದ್ದು ಶಸ್ತ್ರವೈದ್ಯರು. ಸೊಪ್ಪಿನ ರಸ ತೊಗಲಿನ ಗಾಯಕ್ಕೆ, ಮುರಿದ ಎಲುಬಿಗಲ್ಲ. ಈ ಮಿತಿಯನ್ನೂ ಬರೆದಿಟ್ಟರೇ ಆ ವಿದ್ಯೆ ಪೂರ್ತಿ.

ಶಾಲೆಯ ಗುರುಗಳು ಮಕ್ಕಳ ಕೈಗೆ ಒಂದೊಂದು ವಹಿ ಕೊಟ್ಟು ಕಳಿಸಲಿ. ಗಿಡದ ಹೆಸರು ಕನ್ನಡದಲ್ಲೂ ಮರಾಠಿಯಲ್ಲೂ, ಎಲೆಯೋ ಬೇರೋ ತೊಗಟೆಯೋ, ಯಾವ ಗಾಯಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ, ಹೇಳಿದವರು ಯಾರು, ತಾರೀಖು ಏನು, ಇಷ್ಟು ಸಾಕು. ಎಂಬತ್ತು ದಾಟಿದ ಆಯಿ, ಮುತ್ಯಾ ಇನ್ನೂ ಊರಲ್ಲಿ ಇದ್ದಾರೆ. ಅವರು ಇರುವಾಗಲೇ ಕೇಳಬೇಕು.